ನೆಲ ಗುಡಿಸಿದವರ ಚರಿತ್ರೆ

ಬೆಂಗಳೂರಿನ ದಕ್ಷಿಣಕ್ಕೆ, ಪದ್ಮನಾಭನಗರ ಮತ್ತು ಉತ್ತರಹಳ್ಳಿಗಳ ನೆರೆಯಲ್ಲಿರುವ ಚಿಕ್ಕಲಸಂದ್ರ ತನ್ನ ಹೆಸರಿನಲ್ಲೇ ಒಂದು ಕೆರೆಯನ್ನು ಹೊತ್ತ ಊರು. ಈ ಸೀಮೆಯ ಊರ ಹೆಸರುಗಳ ಕೊನೆಗೆ ಬರುವ ‘ಸಂದ್ರ’ವು ‘ಸಮುದ್ರ’ದ ತದ್ಭವ, ಅಂದರೆ ದೊಡ್ಡ ಕೆರೆ ಎನ್ನುತ್ತಾರೆ. ಹಿಂದೊಮ್ಮೆ ಹಳ್ಳಿಯಾಗಿದ್ದ ಈ ಊರು 2010ರ ಪಾಲಿಕೆ ಚುನಾವಣೆಯ ಹೊತ್ತಿಗೆ ಮಹಾನಗರದ 198 ವಾರ್ಡುಗಳಲ್ಲಿ ಒಂದಾಗಿತ್ತು. ಈಗ ಅದರ ಮುಖ್ಯರಸ್ತೆಯಲ್ಲಿ ಮಣ್ಣಿನ ನೆಲ ಕಾಣಬೇಕೆಂದರೆ ಹುಡುಕಬೇಕು. ಕೆಳಗೆ ಅಂಗಡಿ, ಮೇಲೆ ಬ್ಯಾಂಕು, ಅದರ ಮೇಲೆ ಟ್ಯೂಷನ್ ತರಗತಿ. ಮೆಟ್ಟಿಲಿಗೆ ಗ್ರಾನೈಟು, ಒಳಗೆಲ್ಲ ಟೈಲ್ಸು. ಬೆಳಿಗ್ಗೆ ಷಟರ್ ಏಳುವ ಹೊತ್ತಿಗೆ ನೆಲ ಒರೆಸಿ ಆಗಿರುತ್ತದೆ. ಒರೆಸಿದವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೂ ಹೋಗಿ ಬಂದಿದೆ. ಆ ಕಥೆಗೆ ಬರುವ ಮುನ್ನ ನೆಲದ ಕಥೆಯನ್ನು ಸ್ವಲ್ಪ ನೋಡೋಣ.

ಮಣ್ಣಿನ ನೆಲವಿದ್ದ ಕಾಲದಲ್ಲಿ ಸಗಣಿ ಸಾರಿಸುವುದೇ ಶುಚಿಯ ವಿಧಾನ. ದನ ಮೇಯ್ದ ಹುಲ್ಲಿನ ಜೀರ್ಣವಾಗದ ನಾರು ಸಗಣಿಯಲ್ಲಿ ಉಳಿದಿರುತ್ತದೆ. ಅದು ಮಣ್ಣಿನ ಬಿರುಕುಗಳನ್ನು ಮುಚ್ಚಿ, ಒಣಗಿದ ಮೇಲೆ ತೆಳುವಾದ ಪದರವಾಗಿ ನಿಂತು ಧೂಳನ್ನು ಮೇಲೇಳಗೊಡುವುದಿಲ್ಲ. ಇಲ್ಲಿ ಶುಚಿ ಮಾಡುವುದೂ ದುರಸ್ತಿ ಮಾಡುವುದೂ ಒಂದೇ ಕೆಲಸ. ಎರಡನ್ನೂ ಮನೆಯ ಹೆಂಗಸರೇ ಮಾಡುತ್ತಿದ್ದರು. ಅದಕ್ಕೆ ಕೂಲಿಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ.

ಪೇಟೆಯ ಅಂಗಡಿಗಳ ರೀತಿ ಬೇರೆ. ಚಿಕ್ಕಪೇಟೆಯ ಬಟ್ಟೆ ವರ್ತಕರು ಗಾದಿಯ ಮೇಲೆ ಬಿಳಿಯ ಬಟ್ಟೆ ಹಾಸಿ ಕೂರುತ್ತಿದ್ದರು. ಗಿರಾಕಿಗಳು ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಎದುರಿಗೆ ಕೂರುತ್ತಿದ್ದರು. ಕೆಲವು ಸೀರೆ ಅಂಗಡಿಗಳಲ್ಲಿ ಈ ಪದ್ಧತಿ ಇಂದಿಗೂ ಉಂಟು. ಬೋಣಿಗೆ ಮುಂಚೆ ಅಂಗಡಿಯ ಹುಡುಗ ಕಸ ಗುಡಿಸಿ ಹೊಸಿಲಿಗೆ ನೀರು ಚಿಮುಕಿಸಬೇಕು. ಚಪ್ಪಲಿ ಬಿಡುವುದನ್ನು ನಾವು ಮರ್ಯಾದೆಯ ಮಾತೆಂದು ತಿಳಿಯುತ್ತೇವೆ. ಅದರಲ್ಲಿ ವಿಜ್ಞಾನವೂ ಇದೆ. ನೆಲವನ್ನು ಸವೆಸುವುದರಲ್ಲಿ ಪಾದರಕ್ಷೆಗೆ ಅಂಟಿ ಬರುವ ಮರಳಿನದೇ ದೊಡ್ಡ ಪಾಲು. ಮರಳೆಂದರೆ ಬಹುಮಟ್ಟಿಗೆ ಸ್ಫಟಿಕಶಿಲೆಯ ಹರಳು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಸ್ಫಟಿಕಶಿಲೆಯ ಅಂಕ 7. ಅಮೃತಶಿಲೆಯದು ಸುಮಾರು 3. ಹೀಗಾಗಿ ಮರಳಿರುವ ನೆಲವನ್ನು ಗುಡಿಸದೆ ನೇರವಾಗಿ ಒದ್ದೆ ಬಟ್ಟೆಯಿಂದ ಒರೆಸಿದರೆ ಉಜ್ಜುಕಾಗದದಿಂದ ತಿಕ್ಕಿದಂತೆಯೇ ಆಯಿತು. ಮೊದಲು ಗುಡಿಸು, ಆಮೇಲೆ ಒರೆಸು ಎಂದು ಅಜ್ಜಿಯರು ಗದರುತ್ತಿದ್ದುದು ಸುಮ್ಮನೆ ಅಲ್ಲ.

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕಿಕ್ಕಿರಿದ ಪೇಟೆಯಿಂದ ಜನ ಹೊರಗೆ ಹೋದರು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆಯಲು ಇದೂ ಒಂದು ಕಾರಣವಾಯಿತು. ರೋಗ ಕಂಡ ಮನೆಗಳಿಗೆ ಸೋಂಕು ನಿವಾರಕ ಸಿಂಪಡಿಸಿ ಸುಣ್ಣ ಬಳಿಯುವುದು ಆಡಳಿತದ ಕೆಲಸವಾಯಿತು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸೈಮಂಡ್ ಎಂಬ ಫ್ರೆಂಚ್ ವೈದ್ಯ ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ತೋರಿಸಿದ. ಅವನ ಮಾತನ್ನು ವೈದ್ಯಲೋಕ ಒಪ್ಪಲು ಕೆಲವು ವರ್ಷಗಳೇ ಹಿಡಿದವು. ಒಪ್ಪಿದ ಮೇಲೆ ನೆಲದ ಮಹತ್ವ ಬೇರೊಂದು ರೀತಿಯಲ್ಲಿ ತಿಳಿಯಿತು: ಮಣ್ಣಿನ ನೆಲದಲ್ಲಿ ಇಲಿ ಬಿಲ ತೋಡುತ್ತದೆ, ಕಲ್ಲು ಗಾರೆಗಳ ನೆಲದಲ್ಲಿ ಅದಕ್ಕೆ ಸಾಧ್ಯವಾಗುವುದಿಲ್ಲ. ಕಲ್ಲಿದ್ದಲಿನ ಟಾರಿನಿಂದ ತಯಾರಾಗುತ್ತಿದ್ದ ಕಪ್ಪು ಫಿನಾಯಿಲು ಆಸ್ಪತ್ರೆ, ಶಾಲೆ, ಕಚೇರಿಗಳ ನೆಲಕ್ಕೆ ಬಂದು, ಆ ಗಾಢವಾದ ವಾಸನೆಯೇ ಶುಚಿಯ ಗುರುತೆಂಬ ಭಾವನೆ ನಮ್ಮಲ್ಲಿ ಬೇರೂರಿತು. ವಾಸನೆಗೂ ಶುಚಿಗೂ ಅಂಥ ಸಂಬಂಧವೇನೂ ಇಲ್ಲ. ಕೊಳೆ ತೆಗೆಯದೆ ಫಿನಾಯಿಲು ಸುರಿದರೆ ಅದರ ಶಕ್ತಿಯೆಲ್ಲ ಕೊಳೆಯ ಮೇಲೆಯೇ ವ್ಯಯವಾಗುತ್ತದೆ.

ಮುಂದೆ ಸಿಮೆಂಟಿನ ಕಾಲ. ಸಿಮೆಂಟಿಗೆ ಕಬ್ಬಿಣದ ಕೆಂಪು ಆಕ್ಸೈಡ್ ಬೆರೆಸಿ, ಹಸಿಯಿರುವಾಗಲೇ ಕರಣೆಯಿಂದ ಉಜ್ಜಿ ಉಜ್ಜಿ ನಯ ಮಾಡಿದ ‘ರೆಡ್ ಆಕ್ಸೈಡ್’ ನೆಲ ಬಸವನಗುಡಿ, ಜಯನಗರಗಳ ಹಳೆಯ ಮನೆಗಳಲ್ಲಿ ಈಗಲೂ ಕನ್ನಡಿಯಂತೆ ಹೊಳೆಯುತ್ತದೆ. ಆ ಹೊಳಪು ದಿನವೂ ಒರೆಸಿ, ಆಗಾಗ ಕೊಬ್ಬರಿ ಎಣ್ಣೆಯನ್ನೋ ಮೇಣವನ್ನೋ ತಿಕ್ಕಿ ಬಂದದ್ದು. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಗೆ ಬಂದದ್ದು ಮೊಸಾಯಿಕ್: ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ನೀರು ಬಿಡುತ್ತಾ ಸಾಣೆಕಲ್ಲಿನ ಯಂತ್ರದಿಂದ ಅರೆದು ಸಮ ಮಾಡಿದ ನೆಲ. ರಸಾಯನಶಾಸ್ತ್ರ ಓದುವವರು ಇದನ್ನು ಗಮನಿಸಬೇಕು. ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಗುಲಿದರೆ ನೊರೆಯೆದ್ದು ಕರಗುತ್ತದೆ. ಕಲೆ ಬೇಗ ಹೋಗಲೆಂದು ಮೊಸಾಯಿಕ್ ನೆಲಕ್ಕೆ ಆಸಿಡ್ ಸುರಿಸುವ ಮೇಸ್ತ್ರಿ ಕಲೆಯ ಜೊತೆ ನೆಲವನ್ನೂ ತೆಗೆಯುತ್ತಿರುತ್ತಾನೆ. ಗ್ರಾನೈಟು ಹೈಡ್ರೋಕ್ಲೋರಿಕ್ ಆಮ್ಲವನ್ನು ತಡೆದುಕೊಳ್ಳುತ್ತದೆ, ನಿಜ. ಆದರೆ ಅದನ್ನು ಸುರಿಯುವ ಕೈ ತಡೆದುಕೊಳ್ಳುವುದಿಲ್ಲ. ಆಸಿಡ್ಡಿನ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರಂತೂ ಕ್ಲೋರಿನ್ ಅನಿಲವೇ ಹೊರಡುತ್ತದೆ. ಕಿಟಕಿಯಿಲ್ಲದ ಶೌಚಾಲಯದಲ್ಲಿ ಎರಡನ್ನೂ ಒಟ್ಟಿಗೆ ಬಳಸಿದವರ ಪ್ರಾಣಕ್ಕೇ ಅಪಾಯ.

ಇನ್ನು ರತ್ನಗಂಬಳಿ. ಬೆಂಗಳೂರು ಒಂದು ಕಾಲದಲ್ಲಿ ರತ್ನಗಂಬಳಿಗಳಿಗೆ ಹೆಸರಾಗಿತ್ತೆಂಬುದು ಈಗ ಬಹಳ ಜನಕ್ಕೆ ತಿಳಿಯದು. ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಇವುಗಳ ಬಾಳಿಕೆಯನ್ನೂ, ಎರಡೂ ಮಗ್ಗುಲಲ್ಲಿ ಒಂದೇ ಚಿತ್ತಾರವಿರುವ ವಿಶೇಷವನ್ನೂ ದಾಖಲಿಸಿದೆ. ಇಂಥ ಹಾಸನ್ನು ಒಂದು ಮಗ್ಗುಲು ಸವೆದಾಗ ಮಗುಚಿ ಹಾಸಬಹುದಷ್ಟೆ; ನಿರ್ವಹಣೆಯ ಯೋಚನೆ ನೇಯ್ಗೆಯಲ್ಲೇ ಸೇರಿತ್ತೆಂದು ನನಗೆ ಅನ್ನಿಸುತ್ತದೆ. ಪರ್ಷಿಯಾ, ತುರ್ಕಿಗಳ ಮಾದರಿಯ ದಪ್ಪ ಕಂಬಳಿಗಳನ್ನು ನೇಯುತ್ತಿದ್ದವರು ಸೆಂಟ್ರಲ್ ಜೈಲಿನ ಕೈದಿಗಳು. ಆ ಜೈಲು ಇದ್ದ ಜಾಗವೇ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು.

ಕಂಬಳಿಯಿದ್ದ ಕಡೆ ಅದನ್ನು ನೋಡಿಕೊಳ್ಳುವ ಆಳೂ ಬೇಕು. ‘ಫರ್ಶ್’ ಎಂದರೆ ಹಾಸು. ಅದನ್ನು ಹಾಸುವವನು, ಕೊಡವುವವನು ‘ಫರಾಶ್’. ಮೊಗಲರ ಕಾಲದ ಈ ಮಾತು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಹುದ್ದೆಯ ಹೆಸರಾಗಿಯೇ ಉಳಿದಿತ್ತು. ಉತ್ತರ ಕರ್ನಾಟಕದವರು ನೆಲಹಾಸಿನ ಕಲ್ಲಿಗೆ ‘ಫರಸಿ’ ಎನ್ನುವುದೂ ಅದೇ ಮೂಲದಿಂದ. ಕಚೇರಿ ಗುಡಿಸುವವನಿಗೆ ಜಾಡಮಾಲಿ ಎಂಬ ಹೆಸರಿತ್ತು. ಇವೆಲ್ಲ ಕೆಳಗಿನ ಹುದ್ದೆಗಳೇ, ಮತ್ತು ಈ ಹುದ್ದೆಗಳಿಗೆ ಯಾವ ಜಾತಿಗಳ ಜನ ಬರುತ್ತಿದ್ದರೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದನ್ನು ಮುಚ್ಚಿ ಹೇಳಿದರೆ ಚರಿತ್ರೆಯಾಗುವುದಿಲ್ಲ. ಆದರೂ ಅವರ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿರುತ್ತಿತ್ತು. ರಜೆ, ಪಿಂಚಣಿಗಳ ಹಕ್ಕಿತ್ತು.

ಯಂತ್ರ ಬಂದದ್ದು ಪಶ್ಚಿಮದಿಂದ. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಗಾಳಿಯನ್ನು ಹೀರಿ ಧೂಳು ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಕುದುರೆಗಾಡಿಯ ಮೇಲೆ ಬೀದಿಯಲ್ಲಿ ನಿಂತು, ಕಿಟಕಿಯೊಳಗೆ ಉದ್ದದ ಕೊಳವೆ ಚಾಚಬೇಕಾದಷ್ಟು ದೊಡ್ಡದು. ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಂಬಳಿಗಳನ್ನು ಅದರಿಂದಲೇ ಶುಚಿ ಮಾಡಿದರು. ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ಯಂತ್ರದ ಕಥೆ ಇನ್ನೂ ಸ್ವಾರಸ್ಯವಾದದ್ದು. ಅಮೆರಿಕದ ಕ್ಯಾಂಟನ್ ಪಟ್ಟಣದ ಒಂದು ದೊಡ್ಡ ಅಂಗಡಿಯಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ಜಾಡಮಾಲಿಯಾಗಿದ್ದ. ಅವನಿಗೆ ಉಬ್ಬಸ, ಕಂಬಳಿ ಗುಡಿಸಿದಾಗಲೆಲ್ಲ ಧೂಳು ಕುಡಿದು ನರಳುತ್ತಿದ್ದ. ಫ್ಯಾನಿನ ಮೋಟಾರು, ಪೊರಕೆಯ ಕೋಲು, ದಿಂಬಿನ ಚೀಲ ಜೋಡಿಸಿ ಅವನು ಮಾಡಿದ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ದೊರೆಯಿತು. ಕೈಯಲ್ಲಿ ಬಂಡವಾಳವಿಲ್ಲದೆ ಹಕ್ಕನ್ನು ಹೂವರ್ ಎಂಬ ಚರ್ಮದ ಸಾಮಾನಿನ ಉದ್ಯಮಿಗೆ ಮಾರಿದ. ಜಗತ್ತು ಆ ಯಂತ್ರವನ್ನು ಹೂವರ್ ಎಂದೇ ಕರೆಯಿತು.

ನಮ್ಮಲ್ಲಿ ಇಂಥ ಯಂತ್ರಗಳು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕಿಳಿದದ್ದು ಕಂಪ್ಯೂಟರ್ ಕಚೇರಿಗಳು ಬಂದ ಮೇಲೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಮುಂದಿನ ವರ್ಷಗಳಲ್ಲಿ ಹವಾನಿಯಂತ್ರಿತ ಕಚೇರಿಗಳ ಸಾಲೇ ಎದ್ದಿತು. ತಂತಿಗಳು ಕೆಳಗೆ ಹಾಯಲು ನೆಲವನ್ನು ಎತ್ತರಿಸಿ, ಸದ್ದು ಅಡಗಲೆಂದು ಮೇಲೆ ಕಾರ್ಪೆಟ್ ಬಿಲ್ಲೆಗಳನ್ನು ಜೋಡಿಸುವುದು ರೂಢಿಯಾಯಿತು. ಬಿಲ್ಲೆ ಸಾಮಾನ್ಯವಾಗಿ 50 ಸೆಂಟಿಮೀಟರ್ ಚೌಕ. ಓಡಾಟದ ದಾರಿಯಲ್ಲಿ ಸವೆದದ್ದನ್ನು ಕಿತ್ತು ಮೂಲೆಯದನ್ನು ಅಲ್ಲಿಗೆ ಕೂರಿಸಬಹುದು. ಕಾರ್ಪೆಟ್ಟಿನ ಕೊಳೆ ಕಣ್ಣಿಗೆ ಬೀಳದೆ ಬುಡದಲ್ಲಿ ಕೂತು ನೂಲನ್ನು ಕತ್ತರಿಸುತ್ತದೆ. ಅದಕ್ಕೇ ದಿನವೂ ಯಂತ್ರ ಆಡಿಸಬೇಕು. ಕಾಫಿ ಚೆಲ್ಲಿದರೆ ಬಟ್ಟೆ ಒತ್ತಿ ಹೀರಿಸಬೇಕು, ಉಜ್ಜಿದರೆ ಕಲೆ ಒಳಕ್ಕಿಳಿಯುತ್ತದೆ. ತೊಳೆದ ಮೇಲೆ ಪೂರ್ತಿ ಒಣಗಿಸದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಕಚೇರಿಯೆಲ್ಲ ಮುಗ್ಗಲು ವಾಸನೆ. ಇದು ಕಲಿತು ಮಾಡಬೇಕಾದ ಕೆಲಸ, ಯಾರು ಬೇಕಾದರೂ ಮಾಡುವಂಥದ್ದಲ್ಲ. ಆದರೆ ಈ ಕಚೇರಿಗಳ ಹಾಜರಿ ಪಟ್ಟಿಯಲ್ಲಿ ಫರಾಶನೂ ಇಲ್ಲ, ಜಾಡಮಾಲಿಯೂ ಇಲ್ಲ. ಕೆಲಸ ‘ಹೌಸ್‌ಕೀಪಿಂಗ್’ ಎಂಬ ಹೆಸರಿನಲ್ಲಿ ಗುತ್ತಿಗೆ ಸಂಸ್ಥೆಗಳ ಪಾಲಾಗಿತ್ತು.

ಈಗ ಕಾನೂನಿನ ಕಥೆ. 1970ರಲ್ಲಿ ಸಂಸತ್ತು ಗುತ್ತಿಗೆ ಕಾರ್ಮಿಕರ ನಿಯಂತ್ರಣ ಮತ್ತು ರದ್ದತಿ ಕಾಯ್ದೆಯನ್ನು ಅಂಗೀಕರಿಸಿತು. ಯಾವುದೇ ಕೆಲಸದಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನು ಅದರ 10ನೇ ಪ್ರಕರಣ ಸರ್ಕಾರಕ್ಕೆ ಕೊಟ್ಟಿತು. ನಿಷೇಧಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು, ಆ ಕೆಲಸ ವರ್ಷವಿಡೀ ನಡೆಯುವಂಥದ್ದೇ ಎಂಬುದು. ನೆಲಕ್ಕೆ ಕೊಳೆಯಾಗದ ದಿನವಿದೆಯೇ? ತುರ್ತುಪರಿಸ್ಥಿತಿಯ ನಡುವೆ, 1976ರ ಡಿಸೆಂಬರ್ 9ರಂದು, ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕೇಂದ್ರದ ವ್ಯಾಪ್ತಿಗೆ ಬರುವ ಸಂಸ್ಥೆಗಳ ಕಟ್ಟಡಗಳನ್ನು ಗುಡಿಸುವುದು, ಶುಚಿ ಮಾಡುವುದು, ಧೂಳು ಹೊಡೆಯುವುದು ಹಾಗೂ ಕಾಯುವುದು, ಈ ಕೆಲಸಗಳಿಗೆ 1977ರ ಮಾರ್ಚ್ 1ರಿಂದ ಗುತ್ತಿಗೆ ಕಾರ್ಮಿಕರನ್ನು ಹಚ್ಚುವಂತಿಲ್ಲ ಎಂದು ಅದು ಹೇಳಿತು. ವಿಶೇಷ ಅನುಭವ ಬೇಕಾಗುವ ಬಹುಮಹಡಿ ಕಟ್ಟಡಗಳ ಹೊರಮೈ ಶುಚಿಗೊಳಿಸುವ ಕೆಲಸಕ್ಕೆ ಮಾತ್ರ ವಿನಾಯಿತಿ.

ಖಾಸಗಿ ಕಚೇರಿ, ಅಂಗಡಿಗಳ ಸಂಬಂಧ ಅಧಿಕಾರ ರಾಜ್ಯ ಸರ್ಕಾರದ್ದು. ಅವುಗಳಿಗೆ ಈ ಅಧಿಸೂಚನೆ ಅನ್ವಯಿಸಲಿಲ್ಲ. ಸಾರ್ವಜನಿಕ ಉದ್ದಿಮೆಗಳಿಗೆ ಯಾವ ಸರ್ಕಾರವೆಂಬುದೇ ದೊಡ್ಡ ವಿವಾದವಾಯಿತು. ಎಚ್‌.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್‌.ಎಂ.ಟಿ.ಗಳ ಊರಾದ ಬೆಂಗಳೂರಿಗೆ ಇದು ದೂರದ ವಿಷಯವೇನಲ್ಲ. ಏರ್ ಇಂಡಿಯಾದ ಕಟ್ಟಡಗಳನ್ನು ಗುಡಿಸುತ್ತಿದ್ದವರ ಮೊಕದ್ದಮೆಯಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, ಅಲ್ಲಿ ಕೇಂದ್ರವೇ ಸೂಕ್ತ ಸರ್ಕಾರ, ಗುತ್ತಿಗೆ ನಿಷೇಧವಾದ ಮೇಲೆ ಅದೇ ಕಾರ್ಮಿಕರನ್ನು ಸಂಸ್ಥೆ ತನ್ನ ನೌಕರರನ್ನಾಗಿ ತೆಗೆದುಕೊಳ್ಳಬೇಕು ಎಂದು ತೀರ್ಪಿತ್ತರು. ಪೊರಕೆ ಹಿಡಿದವರ ಮಟ್ಟಿಗೆ ಇಷ್ಟು ದೊಡ್ಡ ಮಾತನ್ನು ನ್ಯಾಯಾಲಯ ಹಿಂದೆ ಆಡಿದ್ದನ್ನು ನಾನು ಓದಿಲ್ಲ.

ಅದು ಐದು ವರ್ಷವೂ ನಿಲ್ಲಲಿಲ್ಲ. 2001ರ ಆಗಸ್ಟ್ 30ರಂದು, ಭಾರತೀಯ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ, ಐವರ ಸಂವಿಧಾನ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿಯೇ ಸಂಸ್ಥೆಯ ನೌಕರರಾಗುವುದಿಲ್ಲ. ಗುತ್ತಿಗೆ ಬರೀ ತೋರಿಕೆಯದೆಂದು ಸಾಬೀತಾದರೆ ಮಾತು ಬೇರೆ ಎಂದಿತು. 1976ರ ಅಧಿಸೂಚನೆಯನ್ನು ಅಂದಿನಿಂದ ಮುಂದಕ್ಕೆ ಅನ್ವಯಿಸುವಂತೆ ರದ್ದು ಮಾಡಿತು. ಕಾಯ್ದೆ ಕೇಳಿದ ಪ್ರಶ್ನೆಗಳನ್ನು ಒಂದೊಂದು ಸಂಸ್ಥೆಗೂ ಬೇರೆಬೇರೆಯಾಗಿ ಪರಿಶೀಲಿಸದೆ ಎಲ್ಲಕ್ಕೂ ಸಗಟಾಗಿ ಅನ್ವಯಿಸಿದ್ದೇ ಅಧಿಸೂಚನೆಯ ದೋಷವೆಂದು ಪೀಠ ಕಂಡಿತು. ಇದು ನಿಯಮದ ದೃಷ್ಟಿಯಿಂದ ಸರಿಯಾದ ಆಕ್ಷೇಪವೇ ಇರಬಹುದು. ಆದರೆ ದೋಷ ಮಾಡಿದ್ದು ಸರ್ಕಾರ, ಕಳೆದುಕೊಂಡದ್ದು ಗುಡಿಸುವವರು. ಇಪ್ಪತ್ತನಾಲ್ಕು ವರ್ಷ ಕಡತದಲ್ಲಿದ್ದ ರಕ್ಷಣೆ ಒಂದು ದಿನದಲ್ಲಿ ಹೋಯಿತು. ಕೇಂದ್ರ ಕಚೇರಿಗಳ ಫರಾಶ್ ಹುದ್ದೆಯೂ ಆರನೇ ವೇತನ ಆಯೋಗದ ನಂತರ ಬಹುಕಾರ್ಯ ಸಿಬ್ಬಂದಿ ಎಂಬ ಹೊಸ ಹೆಸರಿನೊಳಗೆ ಕರಗಿತು.

ಬೀದಿ ಗುಡಿಸುವವರ ಕಥೆ ಸ್ವಲ್ಪ ಬೇರೆ ದಾರಿ ಹಿಡಿಯಿತು. ಐ.ಪಿ.ಡಿ. ಸಾಲಪ್ಪ ಅವರ ಸಮಿತಿ 1970ರ ದಶಕದಲ್ಲಿ ಅವರ ಸ್ಥಿತಿಗತಿಯನ್ನು ಅಧ್ಯಯನ ಮಾಡಿತು. ಪೌರಕಾರ್ಮಿಕ ಎಂಬ ಗೌರವದ ಹೆಸರು ನಾಡಿನಲ್ಲಿ ಬಳಕೆಗೆ ಬಂತು. ಕಟ್ಟಡದ ಒಳಗೆ ಗುಡಿಸುವವರಿಗೆ ಅಂಥ ಕನ್ನಡದ ಹೆಸರು ಇನ್ನೂ ಹುಟ್ಟಿಲ್ಲ.

2020ರಲ್ಲಿ ಸಂಸತ್ತು ಹಳೆಯ ಕಾಯ್ದೆಗಳನ್ನು ಒಟ್ಟುಗೂಡಿಸಿ ಕಾರ್ಮಿಕ ಸಂಹಿತೆಗಳನ್ನು ಮಾಡಿತು. ಅವು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಸಂಸ್ಥೆಯ ‘ಮೂಲ ಚಟುವಟಿಕೆ’ಗೆ ಗುತ್ತಿಗೆ ಕಾರ್ಮಿಕರನ್ನು ಹಚ್ಚಬಾರದೆನ್ನುತ್ತದೆ, ಕೆಲವು ವಿನಾಯಿತಿಗಳೊಡನೆ. ಯಾವುದು ಮೂಲ ಚಟುವಟಿಕೆಯಲ್ಲ ಎಂಬ ಪಟ್ಟಿಯೂ ಅದರಲ್ಲಿದೆ. ಆ ಪಟ್ಟಿಯ ಮೊದಲಿಗೇ ನೈರ್ಮಲ್ಯದ ಕೆಲಸ: ಗುಡಿಸುವುದು, ಶುಚಿ ಮಾಡುವುದು, ಧೂಳು ಹೊಡೆಯುವುದು. 1976ರ ಅಧಿಸೂಚನೆಯ ಅವೇ ಮೂರು ಮಾತುಗಳು, ಅದೇ ಕ್ರಮದಲ್ಲಿ, ಈ ಬಾರಿ ಗೆರೆಯ ಆಚೆ ಬದಿಗೆ. ಅಂಥ ಕೆಲಸಕ್ಕೆಂದೇ ಸ್ಥಾಪಿತವಾದ ಸಂಸ್ಥೆಯಲ್ಲಿ ಮಾತ್ರ ಅದು ಮೂಲ ಚಟುವಟಿಕೆ ಎನಿಸುತ್ತದೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ಕಚೇರಿಯೊಂದರ ನೆಲ ಒರೆಸುವ ಹೆಂಗಸಿನ ಕೆಲಸ ಕಾಗದದ ಮೇಲೆ ಮುಖ್ಯವಾಗುವುದು ಅವಳನ್ನು ಕಳಿಸಿದ ಗುತ್ತಿಗೆ ಸಂಸ್ಥೆಗೆ. ಆ ಸಂಸ್ಥೆಯ ಕಚೇರಿಯ ನೆಲವನ್ನು ಅವಳು ಒಮ್ಮೆಯೂ ತುಳಿದಿರಲಾರಳು.