ಆ್ಯಪ್‌ಗಳನ್ನೆಲ್ಲಾ ಮೇಲಕ್ಕೆ ತಳ್ಳಿದ್ರೆ ಫೋನ್ ಫಾಸ್ಟ್ ಆಗುತ್ತಾ? ಮೊಬೈಲ್ ಒಳಗೆ ನಿಜವಾಗಿ ನಡೆಯೋದು ಇದು

ತಿಪಟೂರು: ಬಸ್ ಸ್ಟ್ಯಾಂಡ್‌ನಲ್ಲಿ ಕಾಯ್ತಾ ನಿಂತವರನ್ನ ಒಮ್ಮೆ ಗಮನಿಸಿ. ಒಬ್ಬರಾದರೂ ಮೊಬೈಲ್ ತೆಗೆದು, ಓಪನ್ ಆಗಿರೋ ಆ್ಯಪ್‌ಗಳನ್ನ ಒಂದೊಂದಾಗಿ ಬೆರಳಲ್ಲಿ ಮೇಲಕ್ಕೆ ತಳ್ತಾ ಇರ್ತಾರೆ. ಯಾಕೆ ಅಂದ್ರೆ, "ಬ್ಯಾಟರಿ ಉಳಿಯುತ್ತೆ, ಫೋನ್ ಹಗುರ ಆಗುತ್ತೆ" ಅನ್ನೋದೇ ಉತ್ತರ.

ನಮ್ಮಪ್ಪನೂ ಹಾಗೇ ಮಾಡ್ತಿದ್ರು. ಅದು ಸಾಲದು ಅಂತ, ಯಾರದೋ ಮಾತು ಕೇಳಿ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ವಾಟ್ಸಾಪ್ ಅನ್ನೇ 'ರಿಸ್ಟ್ರಿಕ್ಟೆಡ್' ಮಾಡಿಟ್ಟಿದ್ರು. ಒಂದು ಹರಾಜಿನ ದಿನ ಕೊಬ್ಬರಿ ರೇಟು ಏರಿದ ಸುದ್ದಿ ಮಧ್ಯಾಹ್ನವೇ ಗ್ರೂಪ್‌ಗೆ ಬಂದಿತ್ತು. ಅಪ್ಪನಿಗೆ ಅದು ಕಂಡಿದ್ದು ರಾತ್ರಿ, ವಾಟ್ಸಾಪ್ ತೆರೆದಾಗ. ಅಷ್ಟೊತ್ತಿಗೆ ಮನೆ ಹತ್ರ ಬಂದಿದ್ದ ವ್ಯಾಪಾರಿಗೆ ಹಳೇ ರೇಟಿಗೇ ಮಾತು ಕೊಟ್ಟಾಗಿತ್ತು.

ಹಾಗಾಗಿ ಈ ವಿಷಯ ಸ್ವಲ್ಪ ತಿಳ್ಕೊಳ್ಳೋದು ಒಳ್ಳೇದು.

ಅಟ್ಟ ಬೇರೆ, ಅಂಗಳ ಬೇರೆ

ಫೋನ್ ಡಬ್ಬದ ಮೇಲೆ 4 ಜಿಬಿ, 64 ಜಿಬಿ ಅಂತ ಎರಡು ಲೆಕ್ಕ ಇರುತ್ತೆ. 64 ಅನ್ನೋದು ಸ್ಟೋರೇಜ್. ಕಾಯಿ ತುಂಬಿಡೋ ಅಟ್ಟ ಇದ್ದ ಹಾಗೆ. ಫೋಟೋ, ವಿಡಿಯೋ, ಇನ್‌ಸ್ಟಾಲ್ ಮಾಡಿದ ಆ್ಯಪ್ ಎಲ್ಲಾ ಅಲ್ಲಿರುತ್ತೆ. 4 ಅನ್ನೋದು ರ‍್ಯಾಮ್. ಅಟ್ಟದಿಂದ ಇಳಿಸಿದ ಕಾಯಿ ಸುಲಿಯೋ ಅಂಗಳ ಅದು. ನೀವು ಸದ್ಯ ಬಳಸ್ತಿರೋ ಆ್ಯಪ್‌ಗಳು ಅಲ್ಲಿ ಕೂತಿರುತ್ತವೆ. ಫೋನ್ ಆಫ್ ಮಾಡಿದ್ರೆ ಅಂಗಳ ಖಾಲಿ ಆಗುತ್ತೆ, ಅಟ್ಟದ್ದು ಹಾಗೇ ಇರುತ್ತೆ.

'ಸ್ಟೋರೇಜ್ ಫುಲ್' ಅಂತ ಬಂದ್ರೆ ಅದು ಅಟ್ಟದ ತೊಂದರೆ. ಆ್ಯಪ್‌ಗಳನ್ನ ಎಷ್ಟು ತಳ್ಳಿದ್ರೂ ಅದು ಸರಿಹೋಗಲ್ಲ.

ಖಾಲಿ ಅಂಗಳದಿಂದ ಲಾಭ ಇಲ್ಲ

ರ‍್ಯಾಮ್ ತುಂಬಿದ್ರೂ, ಖಾಲಿ ಇದ್ರೂ ಅದು ತಿನ್ನೋ ಕರೆಂಟ್ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಆಂಡ್ರಾಯ್ಡ್ ಬೇಕಂತಲೇ ನೀವು ಬಿಟ್ಟುಬಂದ ಆ್ಯಪ್‌ಗಳನ್ನ ರ‍್ಯಾಮ್‌ನಲ್ಲೇ ಕೂರಿಸಿರುತ್ತೆ. ಬಹುಪಾಲು ಆ್ಯಪ್‌ಗಳು ಅಲ್ಲಿ ಏನೂ ಕೆಲಸ ಮಾಡ್ತಿರಲ್ಲ, ಸುಮ್ನೆ ಕೂತಿರುತ್ತವೆ. ನೀವು ವಾಪಸ್ ಹೋದ್ರೆ ತಕ್ಷಣ ತೆರೆಯುತ್ತವೆ.

ಮೇಲಕ್ಕೆ ತಳ್ಳಿದ್ರೆ? ಮುಂದಿನ ಸಲ ಅದೇ ಆ್ಯಪ್ ಅನ್ನ ಅಟ್ಟದಿಂದ ಹೊಸದಾಗಿ ಇಳಿಸಬೇಕು. ಪ್ರೊಸೆಸರ್‌ಗೆ ಕೆಲಸ ಜಾಸ್ತಿ, ಟೈಮೂ ಜಾಸ್ತಿ. ಪದೇ ಪದೇ ಹಾಗೆ ಮಾಡಿದ್ರೆ ಬ್ಯಾಟರಿ ಉಳಿಯೋದಿರಲಿ, ಇನ್ನಷ್ಟು ಖರ್ಚು. 2016ರಲ್ಲಿ ಆ್ಯಪಲ್‌ನ ಕ್ರೇಗ್ ಫೆಡೆರಿಘಿ, ಗೂಗಲ್‌ನ ಹಿರೋಶಿ ಲಾಕ್‌ಹೈಮರ್ ಇಬ್ಬರೂ ಈ ಅಭ್ಯಾಸದಿಂದ ಬ್ಯಾಟರಿಗೆ ಉಪಯೋಗ ಇಲ್ಲ ಅಂತ ಹೇಳಿದ್ರು.

ಜಾಗ ಸಾಲದಿದ್ರೆ ಮೊದಲು ಎದ್ದು ಹೋಗೋರು ಯಾರು?

2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನ್ ಟಿ-ಮೊಬೈಲ್ ಜಿ1ನಲ್ಲಿ ಇದ್ದ ರ‍್ಯಾಮ್ ಬರೀ 192 ಎಂಬಿ. ಕಮ್ಮಿ ಜಾಗದಲ್ಲಿ ಸಂಸಾರ ಮಾಡೋದನ್ನ ಆಂಡ್ರಾಯ್ಡ್ ಆಗಲೇ ಕಲಿತಿದೆ.

ಅದು ಪ್ರತಿ ಆ್ಯಪ್‌ಗೂ ಒಂದು ಸ್ಥಾನ ಕೊಟ್ಟಿರುತ್ತೆ. ಸ್ಕ್ರೀನ್ ಮೇಲೆ ಇರೋದು ಎಲ್ಲಕ್ಕಿಂತ ಮೇಲೆ. ಹಾಡು ಕೇಳಿಸ್ತಿರೋದು, ದಾರಿ ತೋರಿಸ್ತಿರೋ ಮ್ಯಾಪ್, ನಡೀತಿರೋ ಕಾಲ್ ಅದರ ನಂತರ. ಯಾವಾಗಲೋ ತೆರೆದು ಮರೆತ ಆ್ಯಪ್ ಕೊನೇ ಸಾಲಲ್ಲಿ. ಜಾಗ ಕಮ್ಮಿ ಆದಾಗ ಮೊದಲು ಬಳಕೆ ಇಲ್ಲದ ಡೇಟಾವನ್ನ ಒತ್ತಿ ಚಿಕ್ಕದು ಮಾಡುತ್ತೆ. ಅದೂ ಸಾಲದಿದ್ರೆ ಕೊನೇ ಸಾಲಿನವರನ್ನ ಎಬ್ಬಿಸಿ ಕಳಿಸುತ್ತೆ. ಐಫೋನ್‌ನಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ.

ಆನ್‌ಲೈನ್ ಅರ್ಜಿ ತುಂಬ್ತಾ ಇರ್ತೀರಿ, ಮಧ್ಯೆ ಫೋಟೋಗೆ ಅಂತ ಕ್ಯಾಮೆರಾ ತೆರೀತೀರಿ, ವಾಪಸ್ ಬಂದ್ರೆ ಅರ್ಜಿ ಖಾಲಿ! ಕಮ್ಮಿ ರ‍್ಯಾಮ್ ಫೋನ್‌ನಲ್ಲಿ ಇದು ಆಗೋದು ಇದಕ್ಕೇ. ಕ್ಯಾಮೆರಾಕ್ಕೆ ಜಾಗ ಜಾಸ್ತಿ ಬೇಕು, ಹಿಂದಿದ್ದ ಆ್ಯಪ್ ಜಾಗ ಬಿಡಬೇಕಾಗುತ್ತೆ. ಫೋಟೋ ಮೊದಲೇ ತೆಗೆದಿಟ್ಕೊಂಡು ಅರ್ಜಿ ತುಂಬೋಕೆ ಕೂರಿ. ಸೇವ್ ಬಟನ್ ಇದ್ರೆ ಆಗಾಗ ಒತ್ತಿ.

ಮೆಸೇಜ್ ಲೇಟಾಗಿ ಬರೋದು ಯಾಕೆ?

2015ರ ಆಂಡ್ರಾಯ್ಡ್ 6ರಿಂದ 'ಡೋಜ್' ಅನ್ನೋ ವ್ಯವಸ್ಥೆ ಇದೆ. ಸ್ಕ್ರೀನ್ ಆಫ್ ಆಗಿ, ಚಾರ್ಜಿಗೆ ಹಾಕದೆ, ಅಲುಗಾಡದೆ ಬಿದ್ದಿರೋ ಫೋನ್ ನಿದ್ದೆಗೆ ಜಾರುತ್ತೆ. ಮಧ್ಯೆ ಮಧ್ಯೆ ಎದ್ದು ಬಾಕಿ ಕೆಲಸ ಮುಗಿಸುತ್ತೆ. 2018ರ ಆಂಡ್ರಾಯ್ಡ್ 9ರಿಂದ, ನೀವು ಅಪರೂಪಕ್ಕೆ ಬಳಸೋ ಆ್ಯಪ್‌ಗೆ ಹಿಂದೆ ಕೆಲಸ ಮಾಡೋ ಅವಕಾಶವೂ ಅಪರೂಪ.

ಆದ್ರೂ ಮೆಸೇಜ್ ಬರುತ್ತಲ್ಲ? ಸಾಮಾನ್ಯವಾಗಿ ಆ್ಯಪ್‌ಗಳ ಪರವಾಗಿ ಗೂಗಲ್‌ನ ಒಂದೇ ಸಂಪರ್ಕ ಎಚ್ಚರ ಇರುತ್ತೆ. ಮೆಸೇಜ್ ಬಂದಾಗ ಆಯಾ ಆ್ಯಪ್ ಅನ್ನ ಅದು ಎಬ್ಬಿಸುತ್ತೆ. ಆದರೆ 'ಫೋರ್ಸ್ ಸ್ಟಾಪ್' ಒತ್ತಿದ್ರೆ ನೀವೇ ಮತ್ತೆ ತೆರೆಯೋವರೆಗೂ ಆ ಆ್ಯಪ್ ಏಳಲ್ಲ. 'ರಿಸ್ಟ್ರಿಕ್ಟೆಡ್' ಮಾಡಿದ್ರೂ ನೋಟಿಫಿಕೇಶನ್ ತಡ ಆಗಬಹುದು. ಕೆಲವು ಕಂಪನಿ ಫೋನ್‌ಗಳು ಬ್ಯಾಟರಿ ಉಳಿಸೋ ನೆಪದಲ್ಲಿ ಸುಮ್ನೆ ಮೇಲಕ್ಕೆ ತಳ್ಳಿದ ಆ್ಯಪ್ ಅನ್ನೂ ಪೂರ್ತಿ ನಿಲ್ಲಿಸಿಬಿಡುತ್ತವೆ.

ಏನು ಮಾಡಬೇಕು?

* ಹ್ಯಾಂಗ್ ಆದ ಆ್ಯಪ್ ಅನ್ನ ಮಾತ್ರ ತಳ್ಳಿ. ಉಳಿದವನ್ನ ಅವುಗಳ ಪಾಡಿಗೆ ಬಿಡಿ.
* ತಪ್ಪಬಾರದ ಮೆಸೇಜ್, ಅಲಾರಾಂ, ಮಾತ್ರೆ ನೆನಪಿಸೋ ಆ್ಯಪ್ ಇದ್ರೆ: ಸೆಟ್ಟಿಂಗ್ಸ್, ಆ್ಯಪ್ಸ್, ಆ ಆ್ಯಪ್‌ನ ಹೆಸರು, ಬ್ಯಾಟರಿ, ಅಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ. ಫೋನ್‌ನಿಂದ ಫೋನ್‌ಗೆ ಹೆಸರು ಸ್ವಲ್ಪ ಬದಲಾಗಬಹುದು. ಎಲ್ಲಾ ಆ್ಯಪ್‌ಗೂ ಹೀಗೆ ಮಾಡಬೇಡಿ, ಬ್ಯಾಟರಿ ಬೇಗ ಇಳಿಯುತ್ತೆ.
* 'ರ‍್ಯಾಮ್ ಬೂಸ್ಟರ್', 'ಕ್ಲೀನರ್' ಆ್ಯಪ್ ಇದ್ರೆ ತೆಗೀರಿ. ಅಂಗಳ ಗುಡಿಸ್ತೀನಿ ಅಂತ ಬಂದು ತಾನೇ ಅಂಗಳದಲ್ಲಿ ಕೂರೋ ಜಾತಿ ಅವು. ಜೊತೆಗೆ ಜಾಹೀರಾತಿನ ಕಾಟ.
* ಬ್ಯಾಟರಿ ಯೂಸೇಜ್ ಪಟ್ಟಿ ನೋಡಿ. ನೀವು ಬಳಸದ ಆ್ಯಪ್ ಮೇಲಿದ್ರೆ ಅದನ್ನ ರಿಸ್ಟ್ರಿಕ್ಟ್ ಮಾಡಿ, ಇಲ್ಲಾ ತೆಗೆದುಹಾಕಿ.
* ಸ್ಟೋರೇಜ್‌ನಿಂದ ಜಾಗ ತಗೊಂಡು ಕೊಡೋ 'ಎಕ್ಸ್‌ಟ್ರಾ ರ‍್ಯಾಮ್' ನಿಜವಾದ ರ‍್ಯಾಮ್‌ನಷ್ಟು ವೇಗ ಇರಲ್ಲ. ಫೋನ್ ಕೊಳ್ಳುವಾಗ 4+4 ಅಂದ್ರೆ 8 ಅಂತ ತಿಳ್ಕೋಬೇಡಿ.
* ಫೋನ್ ನಿಜಕ್ಕೂ ಸ್ಲೋ ಆಗಿದ್ರೆ ಗ್ರೂಪ್‌ಗಳಿಂದ ಬಂದು ಬಿದ್ದಿರೋ ವಿಡಿಯೋ ಅಳಿಸಿ ಅಟ್ಟ ಖಾಲಿ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ.

ಅಪ್ಪನ ಫೋನ್‌ನಲ್ಲಿ ವಾಟ್ಸಾಪ್ ಈಗ ಅನ್‌ರಿಸ್ಟ್ರಿಕ್ಟೆಡ್. ಆ್ಯಪ್ ತಳ್ಳೋ ಅಭ್ಯಾಸ ಮಾತ್ರ ಇನ್ನೂ ಬಿಟ್ಟಿಲ್ಲ. ತಳ್ಳಲಿ ಬಿಡಿ, ಕೊಬ್ಬರಿ ರೇಟಂತೂ ಟೈಮಿಗೆ ಸರಿಯಾಗಿ ಬರ್ತಿದೆ.