ಗಾಳಿಮಳೆಯಲ್ಲಿ ಸಿಗ್ನಲ್ ಕಾಯುವವರು: ಕಾಪುವಿನಿಂದ ಕಾರ್ಕಳದವರೆಗೆ

2021ರ ಮೇ 15 ಮತ್ತು 16ರಂದು ತೌಕ್ತೆ ಚಂಡಮಾರುತ ಕರ್ನಾಟಕದ ಕರಾವಳಿಯನ್ನು ಪಕ್ಕದಲ್ಲಿಟ್ಟುಕೊಂಡೇ ಉತ್ತರಕ್ಕೆ ಸಾಗಿತು. ಅದು ನೆಲ ಮುಟ್ಟಿದ್ದು ಮೇ 17ರ ರಾತ್ರಿ, ಗುಜರಾತಿನಲ್ಲಿ. ಆದರೂ ಉಡುಪಿ ಜಿಲ್ಲೆಯ ಕಡಲು ದಡ ಮೀರಿತು, ಮರಗಳು ಉರುಳಿದವು, ವಿದ್ಯುತ್ ಕಂಬಗಳು ಮುರಿದವು. ‘ಅಲಯನ್ಸ್’ ಎಂಬ ಟಗ್ ಮಗುಚಿ ಪಡುಬಿದ್ರಿಯ ದಡಕ್ಕೆ ಬಂದು ಬಿತ್ತು. ಕಾಪು ಸಮೀಪ ಬಂಡೆಗೆ ಸಿಕ್ಕಿಕೊಂಡ ‘ಕೋರಮಂಡಲ್ ಸಪೋರ್ಟರ್’ ಟಗ್‌ನ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಸೇರಿ 17ರಂದು ಪಾರುಮಾಡಿದವು.

ಆ ವಾರ ಇಡೀ ರಾಜ್ಯ ಕೊರೊನಾದ ಎರಡನೇ ಅಲೆಯ ಲಾಕ್‌ಡೌನ್‌ನಲ್ಲಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಕೇಳಲು, ಆಮ್ಲಜನಕ ಹುಡುಕಲು, ಮುಂಬೈ ಅಥವಾ ದುಬೈಯಲ್ಲಿದ್ದ ಮಕ್ಕಳಿಗೆ ಕ್ಷೇಮ ತಿಳಿಸಲು ಮನೆಯಲ್ಲಿ ಉಳಿದಿದ್ದ ದಾರಿ ಫೋನ್ ಒಂದೇ. ಬಿರುಗಾಳಿಯಲ್ಲಿ ಸಿಗ್ನಲ್ ಉಳಿಸುವುದು ಕಂಪನಿಯ ವ್ಯವಹಾರಕ್ಕಷ್ಟೇ ಸೇರಿದ ವಿಷಯವಲ್ಲ, ಜೀವ ಉಳಿಸುವ ಕೆಲಸದ ಭಾಗ ಎಂಬುದನ್ನು ಆ ದಿನಗಳು ಕರಾವಳಿಗೆ ತೋರಿಸಿಕೊಟ್ಟವು.

ಇಂಥ ದಿನಗಳು ಹೆಚ್ಚುತ್ತಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982ರಿಂದ 2019ರ ಅವಧಿಯಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಏರಿದೆ, ಅವು ಬದುಕಿರುವ ಅವಧಿಯೂ ಉದ್ದವಾಗಿದೆ. ಚಂಡಮಾರುತವೆಂದರೆ ಬಂಗಾಳ ಕೊಲ್ಲಿಯ ಮಾತು ಎಂದುಕೊಂಡಿದ್ದ ಕರಾವಳಿಗೆ ಇದು ಹೊಸ ಲೆಕ್ಕ. ದೂರಸಂಪರ್ಕ ಜಾಲ ಈ ಲೆಕ್ಕಕ್ಕೆ ಹೇಗೆ ಅಣಿಯಾಗುತ್ತ ಬಂತು ಎಂದು ನೋಡಲು ತಾಮ್ರದ ತಂತಿಯ ಕಾಲಕ್ಕೆ ಹೋಗಬೇಕು.

ತಂತಿಯಲ್ಲೇ ಬರುತ್ತಿದ್ದ ವಿದ್ಯುತ್ತು

ಲ್ಯಾಂಡ್‌ಲೈನ್ ಫೋನಿಗೆ ಮನೆಯ ಕರೆಂಟ್ ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಒಂದು ಕೋಣೆ ತುಂಬ ಸಾಲಾಗಿ ನಿಂತ ಸೀಸ-ಆಮ್ಲ ಬ್ಯಾಟರಿಗಳಿಂದ 48 ವೋಲ್ಟ್ ವಿದ್ಯುತ್ತು ಮಾತು ಹರಿಯುವ ಜೋಡಿ ತಂತಿಯಲ್ಲೇ ಮನೆಗೆ ಬರುತ್ತಿತ್ತು. ಜೂನ್ ತಿಂಗಳ ಕತ್ತಲಲ್ಲಿ ಊರೆಲ್ಲ ದೀಪವಿಲ್ಲದೆ ಕುಳಿತಾಗಲೂ ರಿಸೀವರ್ ಎತ್ತಿದರೆ ಟೋನ್ ಕೇಳುತ್ತಿದ್ದುದು ಇದರಿಂದ.

ದೇಶೀ ತಂತ್ರಜ್ಞಾನದ ಮೊದಲ ದೊಡ್ಡ ಹೆಜ್ಜೆಯೂ ಕರ್ನಾಟಕದಲ್ಲೇ ಬಿತ್ತು. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ 1986ರಲ್ಲಿ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹವಾನಿಯಂತ್ರಣ ಇಲ್ಲದೆ, ಧೂಳು ಸೆಕೆ ತಾಳಿಕೊಂಡು ಹಳ್ಳಿಯಲ್ಲಿ ನಿಲ್ಲಬಲ್ಲ ಯಂತ್ರ ಅದು. ಊರೂರಿಗೆ ಟೆಲಿಫೋನ್ ತಲುಪಿದ್ದು ಇಂಥ ಯಂತ್ರಗಳಿಂದ.

ಆದರೆ ಆ ಜಾಲದ ದೌರ್ಬಲ್ಯ ಮಣ್ಣಿನೊಳಗಿತ್ತು. ಮಳೆನೀರು ಕೇಬಲ್ ಜಾಯಿಂಟಿಗೆ ಇಳಿದರೆ ಲೈನಿನಲ್ಲಿ ಗರಗರ ಸದ್ದು, ಆಮೇಲೆ ಮೌನ. ದುರಸ್ತಿಯೆಂದರೆ ಲೈನ್‌ಮ್ಯಾನ್ ಒಬ್ಬ ಹೊಂಡ ಅಗೆದು, ಜೋಡಿ ಜೋಡಿಯಾಗಿ ತಂತಿ ಪರೀಕ್ಷಿಸಿ, ಒಣಗಿಸಿ, ಮತ್ತೆ ಬೆಸೆಯುವುದು. ಕೆಲಸ ನಿಧಾನವಾಗಿತ್ತು. ಆದರೆ ಒಂದು ಜಾಯಿಂಟ್ ಕೆಟ್ಟರೆ ಕೆಡುತ್ತಿದ್ದುದು ಒಂದು ಓಣಿಯ ಫೋನು ಮಾತ್ರ.

ಟವರ್ ಬೀಳುವುದಿಲ್ಲ, ಬರಿದಾಗುತ್ತದೆ

ಮೊಬೈಲ್ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಒಂದು ಟವರ್ ಸಾವಿರಾರು ಜನರನ್ನು ಹೊತ್ತಿರುತ್ತದೆ. ಭಾರತದಲ್ಲಿ ಟವರ್‌ಗಳ ಒಡೆತನವೇ ಬೇರೆ ಕಂಪನಿಗಳ ಕೈಗೆ ಹೋದ ಮೇಲೆ ಒಂದೇ ಕಂಬದಲ್ಲಿ ಎರಡು ಮೂರು ಸೇವೆಗಳ ಆಂಟೆನಾಗಳು ಕೂತವು. ಖರ್ಚು ಉಳಿಯಿತು, ಆ ಕಂಬ ಕೈಕೊಟ್ಟರೆ ಎಲ್ಲ ಸಿಮ್‌ಗಳೂ ಒಟ್ಟಿಗೇ ಸುಮ್ಮನಾಗುವ ಅಪಾಯವೂ ಬಂತು.

ಟವರ್ ಎಂದೊಡನೆ ಕಬ್ಬಿಣದ ಕಂಬವೇ ಕಣ್ಣಿಗೆ ಬರುತ್ತದೆ. ಕಟ್ಟಡ ಮತ್ತು ಕಂಬಗಳ ಗಾಳಿ ಹೊರೆಗೆ ಭಾರತೀಯ ಮಾನಕ ಸಂಹಿತೆ ಮಂಗಳೂರಿಗೆ ನಿಗದಿ ಮಾಡಿರುವ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ಆ ಲೆಕ್ಕ ಪಾಲಿಸಿ ಕಟ್ಟಿದ, ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಸತು ಲೇಪಿಸಿ ನೋಡಿಕೊಂಡ ಕಂಬ ಸಾಮಾನ್ಯ ಮುಂಗಾರು ಗಾಳಿಗೆ ಉರುಳುವುದಿಲ್ಲ. ಕೆಡುವುದು ಕಂಬದ ಬುಡದಲ್ಲಿ.

ಅಲ್ಲಿ ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂನ ವಿದ್ಯುತ್ತು 48 ವೋಲ್ಟ್ ನೇರ ಪ್ರವಾಹವಾಗಿ ಬದಲಾಗಿ ಉಪಕರಣಗಳನ್ನು ನಡೆಸುತ್ತದೆ, ಜತೆಗೆ ಬ್ಯಾಟರಿ ತುಂಬಿಸುತ್ತದೆ. ಕರೆಂಟ್ ಹೋದರೆ ಬ್ಯಾಟರಿ, ಅದು ಇಳಿದರೆ ಡೀಸೆಲ್ ಜನರೇಟರ್. ಬ್ಯಾಟರಿಯದು ಕೆಲವು ಗಂಟೆಗಳ ಬಾಳು. ಜನರೇಟರ್ ಇದ್ದರೂ ಟ್ಯಾಂಕ್ ತುಂಬಲು ಯಾರಾದರೂ ಕ್ಯಾನ್ ಹೊತ್ತು ಬರಬೇಕು, ಬರಲು ರಸ್ತೆ ಇರಬೇಕು. ಕಾರ್ಕಳದ ಮಾಳ, ಈದು, ಕೆರ್ವಾಶೆಯ ಕಡೆ ವಿದ್ಯುತ್ ತಂತಿ ಕಾಡಿನ ನಡುವೆ ಹಾದುಹೋಗುತ್ತದೆ. ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟ್ ಹೋಯಿತು, ಇನ್ನೊಂದು ರಸ್ತೆಗೆ ಅಡ್ಡ ಬಿದ್ದರೆ ಡೀಸೆಲ್ ನಿಂತಿತು. ಊರವರು ‘ಟವರ್ ಹೋಯಿತು’ ಎನ್ನುವ ಹೊತ್ತಿಗೆ ಟವರ್ ನೆಟ್ಟಗೆ ನಿಂತೇ ಇರುತ್ತದೆ.

ಹೊರಗಿನ ಪಾಠಗಳು

ಜಗತ್ತು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. 2005ರ ಕತ್ರಿನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಯಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ದೂರವಾಣಿ ಲೈನುಗಳನ್ನು ಕೆಡವಿತು. ಪ್ರತಿ ಟವರಿಗೂ ಎಂಟು ಗಂಟೆಯ ಬ್ಯಾಟರಿ ಇರಲೇಬೇಕೆಂದು ಅಲ್ಲಿನ ಸಂವಹನ ಆಯೋಗ 2007ರಲ್ಲಿ ಹೇಳಿತು. ಕಂಪನಿಗಳ ವಿರೋಧದ ನಡುವೆ ಆ ನಿಯಮ ಜಾರಿಗೆ ಬರಲೇ ಇಲ್ಲ. ಹತ್ತು ವರ್ಷಗಳ ಬಳಿಕ, 2017ರಲ್ಲಿ, ಮರಿಯಾ ಚಂಡಮಾರುತ ಹಾದುಹೋದಾಗ ಪೋರ್ಟೊರಿಕೊ ದ್ವೀಪದ ಶೇ. 95ರಷ್ಟು ಟವರ್‌ಗಳು ನಿಂತುಹೋದವು.

ಜಪಾನ್ ಬೇರೆ ದಾರಿ ಹಿಡಿಯಿತು. 2011ರ ಮಾರ್ಚ್‌ನ ಭೂಕಂಪ ಮತ್ತು ಸುನಾಮಿಯ ಬಳಿಕ ಎನ್‌ಟಿಟಿ ಡೊಕೊಮೊ ಕಂಪನಿ ದೇಶಾದ್ಯಂತ ನೂರಕ್ಕೂ ಹೆಚ್ಚು ‘ದೊಡ್ಡ ವಲಯ’ದ ಕೇಂದ್ರಗಳನ್ನು ಕಟ್ಟಿತು. ಎತ್ತರದಲ್ಲಿ ನಿಂತ ಇವು ವಿಪತ್ತಿನಲ್ಲಿ ಚಾಲೂ ಆಗಿ, ಸುತ್ತಲಿನ ಟವರ್‌ಗಳು ಸತ್ತರೂ ಸುಮಾರು ಏಳು ಕಿ.ಮೀ. ಫಾಸಲೆಗೆ ಮಾತು ತಲುಪಿಸುತ್ತವೆ. ಪಡುವಣದ ಬಯಲಿಗೆ ತಲೆಯೆತ್ತಿ ನಿಂತಿರುವ ಮಣಿಪಾಲದ ಗುಡ್ಡವನ್ನು ನೋಡಿದವರಿಗೆ ಈ ಉಪಾಯ ಎಷ್ಟು ಹತ್ತಿರದ್ದೆಂದು ಥಟ್ಟನೆ ಹೊಳೆಯುತ್ತದೆ. ಜಿಲ್ಲಾಡಳಿತದ ಕಚೇರಿ ಸಂಕೀರ್ಣ ರಜತಾದ್ರಿ, ಕಸ್ತೂರ್ಬಾ ಆಸ್ಪತ್ರೆ, ತಾಂತ್ರಿಕ ಕಾಲೇಜು ಎಲ್ಲವೂ ಇರುವುದು ಆ ಗುಡ್ಡದ ಮೇಲೆಯೇ.

ಭಾರತದ ಪಾಠಶಾಲೆ ಪೂರ್ವ ಕರಾವಳಿ. 2014ರ ಹುದ್‌ಹುದ್ ವಿಶಾಖಪಟ್ಟಣವನ್ನು, 2019ರ ಫೋನಿ ಪುರಿಯನ್ನು ಫೋನಿಲ್ಲದ ಊರುಗಳನ್ನಾಗಿಸಿದವು. ದೂರಸಂಪರ್ಕ ಇಲಾಖೆ ವಿಪತ್ತು ಕಾಲದ ಕಾರ್ಯವಿಧಾನವನ್ನು 2017ರಲ್ಲಿ ರೂಪಿಸಿ 2020ರಲ್ಲಿ ಪರಿಷ್ಕರಿಸಿತು. ಡೀಸೆಲ್ ಮತ್ತು ಬಿಡಿಭಾಗಗಳ ದಾಸ್ತಾನು, ಚಕ್ರದ ಮೇಲಿನ ಸಂಚಾರಿ ಟವರ್, ರಕ್ಷಣಾ ಸಿಬ್ಬಂದಿಯ ಕರೆಗೆ ಆದ್ಯತೆ, ಜಿಲ್ಲಾ ಮಟ್ಟದ ಸಮನ್ವಯ ಎಲ್ಲವೂ ಅದರಲ್ಲಿವೆ.

ಅದರ ಅತ್ಯಂತ ಉಪಯುಕ್ತ ಅಂಶ ಒಂದೇ ದೂರಸಂಪರ್ಕ ವೃತ್ತದೊಳಗಿನ ರೋಮಿಂಗ್. ತನ್ನ ಕಂಪನಿಯ ಸಿಗ್ನಲ್ ಸತ್ತರೆ ಗ್ರಾಹಕನ ಫೋನು ಬದುಕಿರುವ ಬೇರೆ ಕಂಪನಿಯ ಟವರನ್ನು ಹಿಡಿಯುವ ಏರ್ಪಾಡು ಇದು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ಉಡುಪಿಯ ಕಡಲನ್ನು ಕಲಕಿ, ಮುಂದೆ ಸಾಗಿ ಕಛ್‌ಗೆ ಅಪ್ಪಳಿಸಿದಾಗ ಗುಜರಾತಿನ ಕರಾವಳಿ ಜಿಲ್ಲೆಗಳಲ್ಲಿ ಇದನ್ನು ಜಾರಿಗೊಳಿಸಲಾಗಿತ್ತು. ಪೈಪೋಟಿಯ ಕಂಪನಿಗಳು ಆ ಕೆಲವು ದಿನ ಒಂದೇ ಜಾಲವಾಗಿ ದುಡಿದವು. ಒಂದು ಟವರಾದರೂ ಬದುಕಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ ಎಂಬುದು ಅದರ ಮಿತಿ. 2024ರ ಜುಲೈ 30ರ ವಯನಾಡ್ ಭೂಕುಸಿತದಲ್ಲಿ ಚೂರಲ್‌ಮಲೆಯಲ್ಲಿದ್ದ ಬಿಎಸ್‌ಎನ್‌ಎಲ್ ಟವರನ್ನು ಜನರೇಟರಿನ ಬಲದಿಂದ ನಡೆಸಿ 4ಜಿಗೆ ಏರಿಸಿದ್ದು ರಕ್ಷಣಾ ಕಾರ್ಯಕ್ಕೆ ಎಷ್ಟು ದೊಡ್ಡ ಆಸರೆಯಾಯಿತೆಂದು ಘಟ್ಟದ ತಪ್ಪಲಿನ ಕಾರ್ಕಳ ಮತ್ತು ಹೆಬ್ರಿ ನೆನಪಿಡಬೇಕು.

ಕೇಬಲ್ ಹಾದಿ, ಮಳೆಯ ಪರದೆ

ಕರೆಂಟ್ ಇದ್ದರೂ ಟವರಿನಿಂದ ಹೊರಗೆ ಹೋಗುವ ದಾರಿ ಬೇಕು. ಆ ದಾರಿ ಒಂದೋ ಮೈಕ್ರೋವೇವ್, ಇಲ್ಲವೇ ಆಪ್ಟಿಕಲ್ ಫೈಬರ್. ಮೈಕ್ರೋವೇವ್ ಅಲೆಗಳನ್ನು ಮಳೆಹನಿಗಳೇ ಹೀರಿ ಚದುರಿಸುತ್ತವೆ; 10 ಗಿಗಾಹರ್ಟ್ಸ್‌ಗಿಂತ ಮೇಲಕ್ಕೆ ಹೋದಷ್ಟೂ ಈ ನಷ್ಟ ಹೆಚ್ಚು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಈಗಿನ ಉಪಕರಣಗಳು ಮಳೆ ಜೋರಾದಾಗ ವೇಗ ತಗ್ಗಿಸಿಕೊಂಡು ಸಂಪರ್ಕ ಉಳಿಸಿಕೊಳ್ಳುತ್ತವೆ. ಜಡಿಮಳೆಯಲ್ಲಿ ಕರೆ ಸಾಗಿದರೂ ವಿಡಿಯೊ ತಿರುಗುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ.

ಫೈಬರಿಗೆ ಮಳೆಯ ಭಯವಿಲ್ಲ, ಜೆಸಿಬಿಯ ಭಯವಿದೆ. ಕಾಪು ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66, ಕಾರ್ಕಳದ ಹೆದ್ದಾರಿ 169, ಮಲ್ಪೆ–ಮಣಿಪಾಲ ರಸ್ತೆ ಎಲ್ಲವೂ ಅಗಲೀಕರಣ ಕಂಡಿವೆ. ಅಗೆಯುವ ಮುನ್ನ ಕೇಬಲ್ ಒಡೆಯರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಆ್ಯಪ್ ಒಂದನ್ನು ತಂದಿತು.

ತುಂಡಾಗುವುದನ್ನು ಪೂರ್ತಿ ತಡೆಯಲಾಗದು. ಆದ್ದರಿಂದ ಎಂಜಿನಿಯರುಗಳು ನಂಬುವುದು ಉಂಗುರದ ಜೋಡಣೆಯನ್ನು: ಒಂದು ಕಡೆ ಕಡಿದರೆ ದತ್ತಾಂಶ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಗ್ರಾಮ ಪಂಚಾಯಿತಿಗಳನ್ನು ಬೆಸೆಯುವ ಭಾರತ್‌ನೆಟ್ ಕೂಡ 2023ರ ಪರಿಷ್ಕೃತ ಯೋಜನೆಯಲ್ಲಿ ನೇರ ಸಾಲು ಬಿಟ್ಟು ಉಂಗುರಕ್ಕೆ ಹೊರಳಿತು. ಉಡುಪಿಯಲ್ಲಿ ಇದಕ್ಕೆ ಇನ್ನೊಂದು ಎಚ್ಚರ ಬೇಕು. ಕರಾವಳಿಯ ಹೆದ್ದಾರಿ ಉದ್ಯಾವರ, ಸುವರ್ಣಾ, ಸೀತಾ ಹೊಳೆಗಳನ್ನು ಸೇತುವೆಗಳ ಮೇಲೆ ದಾಟುತ್ತದೆ. ಉಂಗುರದ ಎರಡು ತೋಳುಗಳೂ ಒಂದೇ ಸೇತುವೆಗೆ ಅಂಟಿಕೊಂಡಿದ್ದರೆ ಅದು ಹೆಸರಿಗಷ್ಟೇ ಉಂಗುರ. 2020ರ ಸೆಪ್ಟೆಂಬರ್ 20ರಂದು ಒಂದೇ ರಾತ್ರಿಯ ಮಳೆಗೆ ಉಡುಪಿಯ ಕಲ್ಸಂಕ, ಬೈಲಕೆರೆ ಮುಳುಗಿ ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ಒಂದು ತೋಳು ಕಡಲ ಪಕ್ಕ, ಇನ್ನೊಂದು ಕಾರ್ಕಳದ ಎತ್ತರದ ಹಾದಿಯಲ್ಲಿ ಸಾಗುವ ಉಂಗುರವೇ ಅಂಥ ರಾತ್ರಿಯನ್ನು ದಾಟಬಲ್ಲದು.

ಎಚ್ಚರಿಕೆಯೂ ಅದೇ ಜಾಲದ ಮೇಲೆ

ಕಳೆದ ಕೆಲವು ವರ್ಷಗಳಲ್ಲಿ ಜಾಲದ ಹೊಣೆ ಹಿಗ್ಗಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೆಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವುದು ಮೊಬೈಲ್ ಜಾಲದ ಮೂಲಕವೇ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳು ಒಟ್ಟಿಗೇ ಕಿರುಚಿದ್ದು ಸೆಲ್ ಪ್ರಸಾರದ ಪರೀಕ್ಷೆಗೆ. ಈ ಸಂದೇಶ ಒಂದೊಂದೇ ಸಂಖ್ಯೆಗೆ ಹೋಗುವುದಿಲ್ಲ, ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನಿಗೂ ಏಕಕಾಲಕ್ಕೆ ಬೀಳುತ್ತದೆ. ಜಾಲ ಎಷ್ಟು ದಟ್ಟಣೆಯಲ್ಲಿದ್ದರೂ ತಲುಪುತ್ತದೆ. ಟವರ್ ಸತ್ತರೆ ಮಳೆಯ ಲೆಕ್ಕವೂ ನಿಲ್ಲುತ್ತದೆ, ಎಚ್ಚರಿಕೆಯೂ ನಿಲ್ಲುತ್ತದೆ.

ಕಡಲಿನ ಕಥೆ ಇನ್ನೂ ಕಠಿಣ. ದಡದಿಂದ ಸ್ವಲ್ಪ ದೂರ ಹೋದೊಡನೆ ಮೊಬೈಲ್ ಸಿಗ್ನಲ್ ಮುಗಿಯುತ್ತದೆ. 2017ರ ಓಖಿ ಚಂಡಮಾರುತದಲ್ಲಿ ಆಳಸಮುದ್ರದಲ್ಲಿದ್ದ ಕೇರಳ, ತಮಿಳುನಾಡಿನ ಮೀನುಗಾರರಿಗೆ ಎಚ್ಚರಿಕೆ ಮುಟ್ಟಿಸಲಾಗಲಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟ್ ಏಳು ಮಂದಿಯೊಂದಿಗೆ ಸಂಪರ್ಕ ಕಡಿದುಕೊಂಡಿತು. ಬಿರುಗಾಳಿಯಿಲ್ಲದ ದಿನಗಳಲ್ಲೇ ಕಾಣೆಯಾದ ಅದರ ಅವಶೇಷ ಮಾಲ್ವಣ್ ಬಳಿ ಕಡಲ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಕಾದ ಕುಟುಂಬಗಳ ಸಂಕಟ ಕರಾವಳಿಯಲ್ಲಿ ಇನ್ನೂ ಹಸಿಯಾಗಿದೆ. 2019ರಲ್ಲಿ ಬಂದ ಜೆಮಿನಿ ಸಾಧನ ಉಪಗ್ರಹದಿಂದ ಹವಾಮಾನ ಸಂದೇಶ ತರಬಲ್ಲದು, ಬೋಟಿನಿಂದ ಉತ್ತರ ಒಯ್ಯಲಾರದು. ಎರಡೂ ಕಡೆ ಸಂದೇಶ ಸಾಗಿಸುವ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ದೋಣಿಗಳಿಗೆ ಕೂರಿಸುವ ಕೇಂದ್ರದ ಯೋಜನೆ ಆ ಕೊರತೆಯನ್ನು ತುಂಬಲು ಹೊರಟಿದೆ.

ಗಾಳಿ ಇಳಿದ ಮೇಲೆ

ಚೇತರಿಕೆಗೂ ಒಂದು ಕ್ರಮವಿದೆ. ಮೊದಲು ಆಸ್ಪತ್ರೆ, ಜಿಲ್ಲಾ ನಿಯಂತ್ರಣ ಕೊಠಡಿ ಮತ್ತು ಬಂದರಿನ ಟವರ್‌ಗಳು. ನಂತರ ಹತ್ತಾರು ಟವರ್‌ಗಳ ದತ್ತಾಂಶ ಹಾದುಹೋಗುವ ಕೂಡುಕೇಂದ್ರಗಳು. ಕೊನೆಗೆ ಅಂಚಿನ ಹಳ್ಳಿಗಳು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಸರಿ. ಆದರೆ ಅಂಚಿನ ಹಳ್ಳಿಗೆ ಇರುವುದು ಒಂದೇ ಟವರ್. ಮಣಿಪಾಲದಲ್ಲಿ ಒಂದು ಕೆಟ್ಟರೆ ನಾಲ್ಕು ಆಸರೆಗಿವೆ, ಮಾಳದಂಥ ಊರಿಗೆ ಇಲ್ಲ. ಹೆಚ್ಚು ಬಾಳುವ ಲಿಥಿಯಂ ಬ್ಯಾಟರಿ, ಮೋಡ ಸರಿದಾಗ ನೆರವಾಗುವ ಸೌರಫಲಕ ಮೊದಲು ಹೋಗಬೇಕಾದದ್ದು ಅಂಥಲ್ಲಿಗೆ.

ಇಲ್ಲೇ ಹೊಣೆಗಾರಿಕೆಯ ಪ್ರಶ್ನೆ ಬರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳ ಪ್ರಕಾರ ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗೂ ಹೆಚ್ಚು ನಿಂತರೆ ಕಂಪನಿ ಗ್ರಾಹಕರಿಗೆ ಪರಿಹಾರ ಕೊಡಬೇಕು. ನೈಸರ್ಗಿಕ ವಿಕೋಪಕ್ಕೆ ಮಾತ್ರ ವಿನಾಯಿತಿ. ಚಂಡಮಾರುತಕ್ಕೆ ಆ ವಿನಾಯಿತಿ ನ್ಯಾಯವೇ. ಆದರೆ ಪ್ರತಿ ವರ್ಷ ಜೂನ್‌ನಲ್ಲಿ ಬರುವ ಮುಂಗಾರು ಗಾಳಿ ಅನಿರೀಕ್ಷಿತವಲ್ಲ. ಅದಕ್ಕೆ ಸಿದ್ಧವಾಗದಿರುವುದನ್ನು ಪ್ರಕೃತಿಯ ಲೆಕ್ಕಕ್ಕೆ ಬರೆಯಬಾರದು.

ಅಮೆರಿಕದಲ್ಲಿ ಚಂಡಮಾರುತ ಬಂದಾಗ ಯಾವ ಕೌಂಟಿಯಲ್ಲಿ ಶೇಕಡಾ ಎಷ್ಟು ಟವರ್ ನಿಂತಿವೆ ಎಂಬುದನ್ನು ಸಂವಹನ ಆಯೋಗ ದಿನವೂ ಪ್ರಕಟಿಸುತ್ತದೆ. ಹಾಗೆಯೇ ರಜತಾದ್ರಿಯ ನಿಯಂತ್ರಣ ಕೊಠಡಿಯಿಂದ ತಾಲ್ಲೂಕುವಾರು ಪಟ್ಟಿ ಹೊರಬಂದರೆ ಮೆಸ್ಕಾಂ, ಟವರ್ ಕಂಪನಿ, ಪಂಚಾಯಿತಿ ಮೂವರೂ ಒಂದೇ ಹಾಳೆ ನೋಡಿ ಕೆಲಸ ಹಂಚಿಕೊಳ್ಳಬಹುದು. ಅದರ ಜತೆ ಯಾವ ಟವರಿನ ಬ್ಯಾಟರಿ ಎಷ್ಟು ಗಂಟೆ ತಾಳುತ್ತದೆ, ಎಲ್ಲಿ ಜನರೇಟರ್ ಇಲ್ಲ, ಯಾವ ಊರಿಗೆ ಒಂದೇ ಟವರ್ ಇದೆ ಎಂಬ ಲೆಕ್ಕ ಏಪ್ರಿಲ್ ಹೊತ್ತಿಗೇ ಸಿದ್ಧವಿದ್ದರೆ, ಡೀಸೆಲ್ ಮೊದಲು ಪಡುಬಿದ್ರಿಗೆ ಹೋಗಬೇಕೋ ಮಾಳಕ್ಕೋ ಎಂಬುದನ್ನು ಗಾಳಿ ಏಳುವ ಮುನ್ನವೇ ತೀರ್ಮಾನಿಸಬಹುದು.