ಗೋಕರ್ಣ: ರಥಬೀದಿಯಿಂದ ಕಡಲತಡಿಯ ಡೇರೆವರೆಗೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ, ಬಡಗಿಗೆ ಗಂಗಾವಳಿ, ತೆಂಕಿಗೆ ಅಘನಾಶಿನಿ ಎಂಬ ಎರಡು ಹೊಳೆಗಳ ಅಳಿವೆಗಳ ನಡುವೆ ಗೋಕರ್ಣವಿದೆ. ಪಡುವಣಕ್ಕೆ ಅರಬ್ಬಿ ಸಮುದ್ರ, ತೆಂಕು ಬದಿಗೆ ಕಡಲಿನವರೆಗೂ ಚಾಚಿಕೊಂಡ ಕೆಂಪು ಚಿರೆಕಲ್ಲಿನ ಗುಡ್ಡಗಳು. ಹೆದ್ದಾರಿ 66 ಊರನ್ನು ಮುಟ್ಟುವುದಿಲ್ಲ. ಮಾದನಗೇರಿಯಲ್ಲಿ ತಿರುಗಿ ಸುಮಾರು 10 ಕಿ.ಮೀ. ಒಳಗೆ ಬರಬೇಕು. ಹಾದುಹೋಗುವ ದಾರಿಯಲ್ಲಿ ಸಿಗುವ ಊರು ಇದಲ್ಲ. ಇಲ್ಲಿಗೆ ಬಂದವರೆಲ್ಲ ಇಲ್ಲಿಗೆಂದೇ ಬಂದವರು.

ಹೆಸರಿನ ಅರ್ಥ ಹಸುವಿನ ಕಿವಿ. ಗೋರೂಪದ ಭೂಮಿಯ ಕಿವಿಯಿಂದ ರುದ್ರ ಹೊರಬಂದ ಎಂಬುದು ಒಂದು ಕಥೆ. ರಾವಣ ಆತ್ಮಲಿಂಗವನ್ನು ಕಿತ್ತೆತ್ತಲು ತಿರುಚಿದಾಗ ಅದು ಹಸುವಿನ ಕಿವಿಯಂತಾಯಿತು ಎಂಬುದು ಇನ್ನೊಂದು. ವಟುವಿನ ವೇಷದ ಗಣಪತಿ ಮೂರು ಸಲ ಕೂಗಿ ಲಿಂಗವನ್ನು ನೆಲಕ್ಕಿಟ್ಟ ಪ್ರಸಂಗವನ್ನು ಹೇಳಿಕೊಡಬೇಕಾದ ಮಕ್ಕಳು ಕನ್ನಡನಾಡಿನಲ್ಲಿ ಕಡಿಮೆ. ಮಹಾಬಲೇಶ್ವರನ ಗುಡಿಯ ಪಕ್ಕದ ಮಹಾಗಣಪತಿ ಎರಡೇ ಕೈಗಳ ನಿಂತ ಮೂರ್ತಿ. ಅದರ ನೆತ್ತಿಯ ಮೇಲಿನ ತಗ್ಗು ರಾವಣ ಗುದ್ದಿದ ಗುರುತು ಎಂದು ಭಕ್ತರ ನಂಬಿಕೆ. ಸಿಟ್ಟಾದ ರಾವಣ ಎಸೆದ ಲಿಂಗದ ಹೊದಿಕೆ, ದಾರ, ಮುಚ್ಚಳಗಳು ಬಿದ್ದ ಜಾಗಗಳೆಂದು ಮುರ್ಡೇಶ್ವರ, ಧಾರೇಶ್ವರ, ಗುಣವಂತೆ, ಸಜ್ಜೇಶ್ವರಗಳನ್ನು ಹೇಳುತ್ತಾರೆ. ಹೀಗೆ ಒಂದು ಕಥೆ ಇಡೀ ಕರಾವಳಿಯನ್ನು ಪೋಣಿಸಿದೆ.

ಪುರಾಣ ಬಿಟ್ಟರೂ ಊರು ಹಳೆಯದು. ಮಹಾಭಾರತದ ತೀರ್ಥಗಳ ಪಟ್ಟಿಯಲ್ಲಿ ಗೋಕರ್ಣವಿದೆ. ಕಾಳಿದಾಸನ ರಘುವಂಶದಲ್ಲಿ ನಾರದ ಆಕಾಶಮಾರ್ಗವಾಗಿ ಹೊರಟದ್ದು ಗೋಕರ್ಣದ ಶಿವನಿಗೆ ವೀಣೆ ನುಡಿಸಲು. ಆ ವೀಣೆಯಿಂದ ಜಾರಿದ ಹೂಮಾಲೆಯೇ ಇಂದುಮತಿಯ ಸಾವಿಗೆ ಕಾರಣವಾಗುತ್ತದೆ. 1676ರಲ್ಲಿ ಇಂಗ್ಲಿಷ್ ಪ್ರವಾಸಿ ಜಾನ್ ಫ್ರೈಯರ್ ಇಲ್ಲಿನ ಶಿವರಾತ್ರಿಯ ಜನಜಾತ್ರೆಯನ್ನು ಕಂಡು ಬರೆದಿದ್ದಾನೆ. ಮಹಾರಥವನ್ನು ಎಳೆಯುವುದು ಇಂದಿಗೂ ಶಿವರಾತ್ರಿಯ ಉತ್ಸವದಲ್ಲೇ.

ಈ ಊರಿನ ನಿಜವಾದ ಕಸುಬು ಅತಿಥಿಗಳನ್ನು ಇಳಿಸಿಕೊಳ್ಳುವುದು. ಹೋಟೆಲುಗಳು ಬರುವುದಕ್ಕೆ ಬಹಳ ಮುಂಚೆ ಯಾತ್ರಿಕರು ಉಪಾಧಿವಂತರ, ಅಂದರೆ ಪೂಜೆಯ ಹಕ್ಕುಳ್ಳ ಪುರೋಹಿತರ ಮನೆಗಳಲ್ಲೇ ಇಳಿಯುತ್ತಿದ್ದರು. ಸಮುದ್ರಸ್ನಾನ, ಕೋಟಿತೀರ್ಥದಲ್ಲಿ ಮುಳುಗು, ಪಿತೃಕಾರ್ಯ, ಆಮೇಲೆ ಆತ್ಮಲಿಂಗದ ದರ್ಶನ, ಅದೇ ಮನೆಯ ಪಡಸಾಲೆಯಲ್ಲಿ ಬಾಳೆಲೆ ಊಟ. ಕಡಲತಡಿಯಲ್ಲಿ ಬಿಡಾರ ಹೂಡುವ ಇಂದಿನ ರೂಢಿ ಈ ಹಳೆಯ ಆತಿಥ್ಯದ ಮುಂದುವರಿಕೆಯೇ. ಅದನ್ನು ಹೊರಗಿನಿಂದ ಬಂದ ಹೊಸ ಚಾಳಿ ಎಂದು ತಳ್ಳಿಹಾಕುವುದು ಸರಿಯಲ್ಲ.

ರಥಬೀದಿಯಲ್ಲಿ ಒಂದು ಬೆಳಗು ಕಳೆದರೆ ಊರಿನ ಪರಿಚಯವಾಗುತ್ತದೆ. ಕುತ್ತಿಗೆಯಿಂದ ಎದೆಯವರೆಗೆ ಕರಿಮಣಿ ಸರಗಳನ್ನು ತುಂಬಿಕೊಂಡ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ಇಳಿಸಿ ಕೂರುತ್ತಾರೆ: ಕೆಂಪು ಹರಿವೆ, ಬಸಳೆ, ಬಾಳೆಯೆಲೆಯಲ್ಲಿ ಸುತ್ತಿದ ಹೂವಿನ ಮಾಲೆ. ಬೇಸಿಗೆಯಾದರೆ ಜಡೆಯಂತೆ ಹೆಣೆದ ಕುಮಟಾ ಸಿಹಿ ಈರುಳ್ಳಿಯ ಗೊಂಚಲುಗಳು ಅಂಗಡಿಗಳ ಮುಂದೆ ತೂಗುತ್ತವೆ. ಊರಿಗೆ ಹತ್ತಿರದ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಉಪ್ಪುನೀರನ್ನು ಪಾತಿಗಳಿಗೆ ಹಾಯಿಸಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಆ ಹೊಳೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಅಳಿವೆಯ ಬಾಯಲ್ಲಿರುವ ತದಡಿ ಮೀನುಗಾರಿಕೆಯ ಬಂದರು. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಸಾಹಿತ್ಯದಲ್ಲೂ ಊರಿನ ಹೆಸರು ದೊಡ್ಡದು: ವಿಚಾರವಾದಿ ಲೇಖಕ ಗೌರೀಶ ಕಾಯ್ಕಿಣಿ ಬಾಳಿದ್ದು, ಅವರ ಮಗ ಜಯಂತ ಕಾಯ್ಕಿಣಿ 1955ರಲ್ಲಿ ಹುಟ್ಟಿದ್ದು ಇಲ್ಲೇ.

ಗುಡಿಯ ಮುಂದಿನ ಉದ್ದನೆಯ ಬೇಲೆ ಯಾತ್ರಿಕರದು, ದೋಣಿಗಳದು. ರಜೆಗೆ ಬಂದವರ ಕಡಲು ಗುಡ್ಡದಾಚೆಗಿದೆ. ಊರಿನಿಂದ ಚಿರೆಕಲ್ಲಿನ ಬಯಲು ಹತ್ತಿ ಇಳಿದರೆ ಅರ್ಧ ಗಂಟೆಯೊಳಗೆ ಕುಡ್ಲೆ. ಮತ್ತೊಂದು ಗುಡ್ಡ ದಾಟಿದರೆ ಎರಡು ಕಮಾನುಗಳ ನಡುವೆ ಬಂಡೆ ಚಾಚಿ ಓಂಕಾರದ ಆಕಾರ ತಳೆದ ಓಂ ಬೀಚ್. ಅಲ್ಲಿಂದ ಮುಂದಿನ ಹಾಫ್ ಮೂನ್ ಮತ್ತು ಪ್ಯಾರಡೈಸ್‌ಗಳಿಗೆ ಕಾಲುದಾರಿ, ಇಲ್ಲವೇ ದೋಣಿ. ಗೋವೆಯ ಗದ್ದಲದಿಂದ ತಪ್ಪಿಸಿಕೊಂಡು ತೆಂಕಿಗೆ ಸರಿದ ವಿದೇಶಿಯರು ಈ ತಡಿಗಳಲ್ಲಿ ತಿಂಗಳುಗಟ್ಟಲೆ ನಿಂತರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಈಗ ವಾರದ ಕೊನೆಗೆ ಬೆಂಗಳೂರು, ಹುಬ್ಬಳ್ಳಿಗಳಿಂದ ಬರುವ ಎಳೆಯರೇ ಹೆಚ್ಚು.

ಡೇರೆಯ ವಾಸಕ್ಕೆ ಕುಡ್ಲೆ ಎಲ್ಲಕ್ಕಿಂತ ಅನುಕೂಲ. ಕಂಡಲ್ಲಿ ಗೂಟ ಬಡಿಯುವ ಬದಲು ತೆಂಗಿನ ಮರಗಳ ಕೆಳಗಿನ ಶ್ಯಾಕ್‌ಗಳ ಅಂಗಳದಲ್ಲಿ ಬಾಡಿಗೆ ಕೊಟ್ಟು ಡೇರೆ ಹಾಕುವುದು ವಾಸಿ. ನೀರು, ಶೌಚಾಲಯ, ಊಟ ಅಲ್ಲೇ ಸಿಗುತ್ತವೆ. ಒಣ ಹೊಯ್ಗೆಯಲ್ಲಿ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಹೊಯ್ಗೆ ತುಂಬಿ, ಹಗ್ಗ ಕಟ್ಟಿ, ಮೊಳದಾಳಕ್ಕೆ ಹೂತರೆ ಡೇರೆ ಅಲುಗದು. ಚಿಪ್ಪು, ಕಸಕಡ್ಡಿ, ತೆಂಗಿನ ಸಿಪ್ಪೆಗಳ ಸಾಲು ಎಲ್ಲಿದೆಯೋ ಅದೇ ಉಬ್ಬರದ ಗೆರೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನೀರು ಇನ್ನೂ ಮೇಲೇರುವುದರಿಂದ ಆ ಸಾಲಿಗಿಂತ ಸಾಕಷ್ಟು ಹಿಂದೆ ಮಲಗಬೇಕು. ಹಗಲು ಕಾದ ನೆಲದತ್ತ ಕಡಲಿನಿಂದ ಗಾಳಿ ಬೀಸುತ್ತದೆ; ರಾತ್ರಿ ನೆಲ ಬೇಗ ತಣಿದು ಗಾಳಿ ತಿರುಗುತ್ತದೆ, ಗುಡ್ಡದ ಕಡೆಯಿಂದ ಹಗುರವಾಗಿ ಇಳಿಯುತ್ತದೆ. ಕತ್ತಲಲ್ಲಿ ದಿಗಂತದುದ್ದಕ್ಕೂ ಮೀನುದೋಣಿಗಳ ದೀಪಗಳು. ಗುಡ್ಡ ಮೂಡಣಕ್ಕಿರುವುದರಿಂದ ಬಿಸಿಲು ತಡವಾಗಿ ಡೇರೆಗೆ ತಾಗುತ್ತದೆ. ಇಬ್ಬನಿಗೆ ಒದ್ದೆಯಾದ ಬಟ್ಟೆಯೊಳಗೆ ಎಂಟರವರೆಗೂ ನಿದ್ದೆ ಮಾಡುವ ಸುಖ ಬಯಲಿನ ಡೇರೆಗಿಲ್ಲ.

ಹಸಿವಾದರೆ ಊರಿಗೇ ನಡೆದುಹೋಗುವುದು ಒಳ್ಳೆಯದು: ಬೆಳಿಗ್ಗೆ ಬನ್ಸ್, ಮಧ್ಯಾಹ್ನ ತಂಬುಳಿ, ಅಪ್ಪೆಹುಳಿಯ ಊಟ, ಸಂಜೆಗೆ ಗಡ್‌ಬಡ್ ಐಸ್‌ಕ್ರೀಮ್. ಮೀನು ತಿನ್ನುವವರಿಗೆ ಬಂಗಡೆ, ತಾರ್ಲೆಗಳಿವೆ.

ಕಡಲು ಇಲ್ಲಿ ಎಲ್ಲ ಕಡೆ ಒಂದೇ ಬಗೆಯದಲ್ಲ. ಬಂಡೆಗಳ ಮಗ್ಗುಲಲ್ಲಿ ಒಳಸೆಳೆತ ಬಲು ಜೋರು. ಪಾಚಿ ಹಿಡಿದ ಕಲ್ಲಿನ ಮೇಲೆ ಫೋಟೋಕ್ಕೆ ನಿಂತು ಜಾರಿ ಜೀವ ಕಳೆದುಕೊಂಡವರಿದ್ದಾರೆ. ಜೀವರಕ್ಷಕರು ಬೇಡವೆಂದ ಕಡೆ ನೀರಿಗಿಳಿಯಬಾರದು. ಒಡೆದ ಬಾಟಲಿಯ ಚೂರು ಹೊಯ್ಗೆಯಲ್ಲಿ ಕಣ್ಣಿಗೆ ಕಾಣದು, ಬೆಳಗಿನ ಜಾವ ಬರಿಗಾಲಲ್ಲಿ ಬಲೆ ಎಳೆಯುವವರ ಪಾದಕ್ಕೆ ತಾಗುತ್ತದೆ. ತಂದದ್ದನ್ನೆಲ್ಲ ಗುಡ್ಡ ಹತ್ತಿಸಿ ವಾಪಸು ಒಯ್ಯುವುದು ಅತಿಥಿಯ ಕರ್ತವ್ಯ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ತಂಗಲು ಹಿತವಾದ ಕಾಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೆಕೆ ವಿಪರೀತ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಮಳೆಗಾಲದಲ್ಲಿ ತಡಿಯ ಸೋಗೆಯ ಮಾಡುಗಳನ್ನು ಕಳಚಿಡುತ್ತಾರೆ, ಅಲೆಗಳು ಹೊಯ್ಗೆಯನ್ನು ಕೊರೆದು ಒಯ್ಯುತ್ತವೆ. ಶ್ರಾವಣದ ನೂಲಹುಣ್ಣಿಮೆಯಂದು ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ. ಮಳೆ ಹಿಂದೆಗೆದ ಮೇಲೆ ತಡಿಗೆ ಹೊಯ್ಗೆ ಮತ್ತೆ ಬಂದು ಕೂಡುತ್ತದೆ, ಕುಡ್ಲೆಯ ಅಂಗಳಗಳಲ್ಲಿ ಸೋಗೆ ಹೊದಿಸುವ ಕೆಲಸ ಶುರುವಾಗುತ್ತದೆ.